ಕೈಗೆ ಬಂದ ಚೆಂಡು

ನನ್ನ ಕೈಯಲ್ಲಿ ಯಾವುದೂ ನಿಲ್ಲುವುದಿಲ್ಲ ಎಂದು ಅಮ್ಮ ಹೇಳುತ್ತಿದ್ದರು. ಲೋಟ, ಅಲಾರಾಂ ಗಡಿಯಾರ, ಒಮ್ಮೆ ಪೂಜೆಯ ನಡುವೆ ದೇವರ ಗಂಟೆ, ಎಲ್ಲವೂ ಬಿದ್ದಿವೆ. ಉಡುಪಿಯ ಕಾಲೇಜು ಕ್ರಿಕೆಟ್ ತಂಡದಲ್ಲಿ ಚೆಂಡು ಬಾರದ ಜಾಗ ನೋಡಿ ನನ್ನನ್ನು ನಿಲ್ಲಿಸುತ್ತಿದ್ದರು. ಹಾಳಾದ್ದು ಅಲ್ಲಿಗೇ ಬರುತ್ತಿತ್ತು. ಇಂಥ ನಾನು ಬದುಕಿನ ಅತ್ಯುತ್ತಮ ಕ್ಯಾಚ್ ಹಿಡಿದದ್ದು ಸಿಡ್ನಿಯಲ್ಲಿ, ತಲೆಬುಡ ತಿಳಿಯದ ಬೇಸ್‌ಬಾಲ್ ಆಟದಲ್ಲಿ, ಅದೂ ಪ್ರೇಕ್ಷಕರ ಬೆಂಚಿನ ಮೇಲೆ ಕೂತು. ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಕರೆದುಕೊಂಡು ಹೋದವರು ರೌಸ್ ಹಿಲ್ ಬಡಾವಣೆಯ ನಮ್ಮ ಪಕ್ಕದ ಮನೆಯ ಕೆವಿನ್. ಬಸ್ ಓಡಿಸಿ ನಿವೃತ್ತರಾದವರು. ನನ್ನ ಮಗಳ ಬಾಯಲ್ಲಿ ಕೆವಿನ್ ಅಂಕಲ್. ನಾನು ಬೇಲಿಯ ಬದಿಯ ಕರಿಬೇವಿಗೆ ನೀರು ಹಾಕಲು ಬಂದರೆ ಸಾಕು, ನಗರದ ಮೊದಲ ವೃತ್ತಿಪರ ಬೇಸ್‌ಬಾಲ್ ತಂಡದ ಚರಿತ್ರೆ ಶುರು. ಕುದುರೆ ಓಟದ ಮೈದಾನವನ್ನು ಕಾಡಿಬೇಡಿ ಪಡೆದದ್ದು, ಹಗಲೆಲ್ಲ ಗಾರೆ ಕೆಲಸ ಮಾಡಿದವನು ಸಂಜೆ ಬಂದು ಚೆಂಡೆಸೆಯುತ್ತಿದ್ದದ್ದು, ಏಳನೆಯ ಇನ್ನಿಂಗ್ಸ್ ನಡುವೆ ಪ್ರೇಕ್ಷಕರೆಲ್ಲ ಎದ್ದು ಮೈಮುರಿಯುವ ಸಂಪ್ರದಾಯ, ಒಂದೇ ಎರಡೇ. ಕೇಳುತ್ತ ಕೇಳುತ್ತ ನಾನು ನೀರು ಸುರಿದು ಸುರಿದು ಕರಿಬೇವು ಕೊಳೆತೇಹೋಯಿತು. ಆ ತಂಡ ಮುಚ್ಚಿ ನಾಲ್ಕೈದು ವರ್ಷಗಳಾಗಿದ್ದವು. ಹಳೆಯ ಆಟಗಾರರು ವರ್ಷಕ್ಕೊಮ್ಮೆ ಸೇರಿ ಆಡುವ ಪಂದ್ಯವಷ್ಟೇ ಉಳಿದಿತ್ತು. ಹೆಂಡತಿ ಮಾರ್ಗರೆಟ್ ತೀರಿಕೊಂಡ ಮೇಲೆ ಕೆವಿನ್ ಮೆಲ್ಬರ್ನ್‌ನ ಮಗಳ ಮನೆಗೆ ಹೊರಟಿದ್ದರು. ಹೊರಡುವ ಮೊದಲು ಆ ವರ್ಷದ ಪಂದ್ಯಕ್ಕೆ ಕರೆದೊಯ್ದು, ಮಾರ್ಗರೆಟ್ ಕೂರುತ್ತಿದ್ದ ಜಾಗದಲ್ಲಿ ನನ್ನನ್ನು ಕೂರಿಸಿಕೊಂಡರು.

ಅವರ ಎಡಗೈಯಲ್ಲಿ ಚರ್ಮದ ಗ್ಲೋವ್ ಇತ್ತು. ಒಂದಾದರೂ ಚೆಂಡು ಹಾರಿ ಬಂದು ತಮ್ಮ ಕೈಗೆ ಸಿಗಲಿ ಎಂದು ಮೊದಲ ಪಂದ್ಯದಿಂದಲೂ ಹೀಗೇ ಬರುತ್ತಿದ್ದರಂತೆ. ಸಿಕ್ಕಿರಲಿಲ್ಲ. ಇದೇ ಕೊನೆಯ ಅವಕಾಶ ಎಂದರು. ಅವರು ನನಗೆ ಫ್ಲಾಸ್ಕಿನಿಂದ ಟೀ ಬಗ್ಗಿಸಲು ಗ್ಲೋವ್ ಕಳಚಿದ ಗಳಿಗೆಯಲ್ಲೇ ಚೆಂಡು ಬಂತು. ನಾನು ಕಣ್ಣು ಮುಚ್ಚಿ ಎರಡೂ ಕೈ ಚಾಚಿದೆ. ಕಣ್ಣು ಬಿಟ್ಟರೆ ಚೆಂಡು ಅಂಗೈಯಲ್ಲಿದೆ! ಜನ ಚಪ್ಪಾಳೆ ತಟ್ಟಿದರು. ಕ್ರಿಕೆಟ್ ನೋಡಿ ಬೆಳೆದ ಮರ್ಯಾದಸ್ಥ ಏನು ಮಾಡುತ್ತಾನೋ ನಾನೂ ಅದನ್ನೇ ಮಾಡಿದೆ. ನನ್ನಿಂದ ಆಟ ನಿಲ್ಲಬಾರದೆಂದು ಎದ್ದು, ರಟ್ಟೆಯ ಬಲವನ್ನೆಲ್ಲ ಹಾಕಿ ಅದನ್ನು ಮೈದಾನಕ್ಕೆ ವಾಪಸ್ ಎಸೆದೆ. ಚಪ್ಪಾಳೆ ನಿಂತುಹೋಯಿತು.

ಬೇಸ್‌ಬಾಲಿನಲ್ಲಿ ಪ್ರೇಕ್ಷಕರಿಗೆ ಸಿಕ್ಕಿದ ಚೆಂಡು ಅವರದ್ದೇ, ಮನೆಗೆ ಒಯ್ಯುವುದೇ ಸಂಪ್ರದಾಯ ಎಂದು ಹಿಂದಿನ ಸಾಲಿನ ಹೆಂಗಸೊಬ್ಬರು ತಿಳಿಸಿದರು. ಅಷ್ಟೆಲ್ಲ ಚರಿತ್ರೆ ಹೇಳಿದ ಕೆವಿನ್ ಇದೊಂದನ್ನು ಹೇಳಿರಲಿಲ್ಲ. ಇಷ್ಟೂ ತಿಳಿಯದ ಮನುಷ್ಯ ಇರಬಹುದೆಂದು ಅವರಿಗೆ ಹೊಳೆದಿರಲಿಲ್ಲ. ಭೂಮಿ ಬಾಯಿಬಿಡಬಾರದೇ ಅನ್ನಿಸಿತು ನನಗೆ. ಸಾರಿ, ಸಾರಿ ಎಂದು ಹಲುಬಿದೆ. ಕೆವಿನ್ ಟೀ ಹಿಡಿದುಕೊಂಡು ಮೈದಾನವನ್ನೇ ನೋಡುತ್ತಿದ್ದರು.

ಟೀ ಮುಗಿಸಿ ಇನ್ನೊಂದು ಹಳೆಯ ಕಥೆ ತೆಗೆದರು. ಮೊದಲ ವರ್ಷ ತಂಡಕ್ಕೆ ಚೆಂಡಿಗೇ ತತ್ವಾರವಾಗಿ, ದಯವಿಟ್ಟು ಹಿಂದಿರುಗಿಸಿ ಎಂದು ಮೈಕಿನಲ್ಲಿ ಬೇಡುತ್ತಿದ್ದರಂತೆ. ಯಾರೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಒಂದು ದಿನ ಮಾರ್ಗರೆಟ್ ಮಡಿಲಿಗೇ ಚೆಂಡು ಬಿತ್ತು. ಆಕೆ, ಪಾಪ, ಮೈಕಿನ ಮಾತು ಕೇಳಿ ವಾಪಸ್ ಎಸೆದುಬಿಟ್ಟರು. ಕೆವಿನ್ ಒಂದು ವಾರ ಮಾತು ಬಿಟ್ಟರು.

"ಅವಳು ಹೋಗೋ ತನಕ ನಾನು ಸಾರಿ ಹೇಳಲೇ ಇಲ್ಲ," ಎಂದರು. ಆಮೇಲೆ ನನ್ನ ಬೆನ್ನು ತಟ್ಟಿ, "ನೀನು ಚೆನ್ನಾಗೇ ಎಸೆದೆ, ಮೇಟ್." ಅವರ ಕಣ್ಣು ತುಂಬಿತ್ತು. ನನ್ನದೂ.

ಮನೆಗೆ ಬಂದವನೇ, ಶೂ ಬಿಚ್ಚುವ ಮೊದಲೇ, ಹೆಂಡತಿ ಶೈಲಾಳಿಗೆ ಮನಸಾರೆ ಸಾರಿ ಹೇಳಿದೆ. ಅವಳು ಒಗ್ಗರಣೆ ಸೌಟು ಕೆಳಗಿಟ್ಟು, "ಯಾವ್ದಕ್ಕೆ?" ಎಂದಳು. ಒಂದು ಹೇಳಿದೆ. ಅದಲ್ಲವಂತೆ. ಇನ್ನೊಂದು ಹೇಳಿದೆ. ಅದು ಅಲ್ಲಿಯವರೆಗೆ ಅವಳಿಗೆ ಗೊತ್ತೇ ಇರಲಿಲ್ಲ.