ಆರನೇ ಕಿಲೋಮೀಟರಿನ ಮನೆ

ಎಲ್ಲರಿಗಿಂತ ಮುಂದೆ ಓಡುವುದು ಯಾವ ಕುದುರೆಗೂ ಬರುತ್ತದೆ, ಹೇಳಿದ ಹೊತ್ತಿಗೆ ಸರಿಯಾಗಿ ತಲುಪುವುದು ತನ್ನಂಥವನಿಗೆ ಮಾತ್ರ ಬರುತ್ತದೆ ಎಂಬುದು ಟಿಕ್‌ಟಿಕ್ ಸಾರ್ ಅವರ ದೃಢವಾದ ನಂಬಿಕೆ. ಇಪ್ಪತ್ತು ವರ್ಷದಿಂದ ಗಡಿಯಾರ ರಿಪೇರಿ ಮಾಡಿಕೊಂಡಿದ್ದ ಅವರಿಗೆ ಬೀದಿಯವರು ತಮಾಷೆಗೆ ಇಟ್ಟ ಹೆಸರು ಅದು. ಅವರು ಅದನ್ನು ಬಿರುದು ಎಂದೇ ತಿಳಿದಿದ್ದರು. ಆದ್ದರಿಂದ ಓಟಗಾರರ ಸಂಘದ ಕಾರ್ಯದರ್ಶಿ ಅಂಗಡಿಗೇ ಬಂದು, "ಭಾನುವಾರದ ಹತ್ತು ಕಿಲೋಮೀಟರ್ ಓಟಕ್ಕೆ ನೀವೇ ಪೇಸರ್ ಆಗ್ಬೇಕು" ಎಂದಾಗ, ಕಣ್ಣಿಗೆ ಸಿಕ್ಕಿಸಿದ್ದ ಭೂತಗನ್ನಡಿಯನ್ನೂ ತೆಗೆಯದೆ ಒಪ್ಪಿಕೊಂಡುಬಿಟ್ಟರು.

ಪೇಸರ್ ಎಂದರೆ ಬೆನ್ನಿಗೆ ಬಾವುಟ ಕಟ್ಟಿಕೊಂಡು ಓಡುವವನು. ಟಿಕ್‌ಟಿಕ್ ಸಾರ್ ಪಾಲಿನ ಬಾವುಟದ ಮೇಲೆ "ಒಂದೂವರೆ ಗಂಟೆ" ಎಂದು ಬರೆದಿತ್ತು. ಅಷ್ಟರೊಳಗೆ ಮುಗಿಸಬೇಕು ಎನ್ನುವವರು ಆ ಬಾವುಟದ ಹಿಂದೆ ಓಡಿದರೆ ಸಾಕು, ಗಡಿಯಾರ ನೋಡುವ ಕೆಲಸವೇ ಇಲ್ಲ. ಒಂದೂವರೆ ಗಂಟೆಯೊಳಗೆ ಬಂದವರಿಗೆ ಪದಕ, ತಡವಾದವರಿಗೆ ಬರೀ ಚಪ್ಪಾಳೆ.

"ನನ್ನ ಕಾಲಿಗೆ ನಾನೇ ಕೀಲಿ ಕೊಟ್ಟಿದ್ದೀನಿ," ಎಂದು ಅವರು ಹೆಂಡತಿಯ ಮುಂದೆ ಸಾರಿದರು. "ಒಂದು ಸೆಕೆಂಡ್ ಹಿಂದೆ ಇಲ್ಲ, ಒಂದು ಸೆಕೆಂಡ್ ಮುಂದೆ ಇಲ್ಲ."

"ಕೀಲಿ ಆಮೇಲೆ ನೋಡೋಣ. ಹಿಮ್ಮಡಿ ತೋರಿಸಿ."

"ಹಿಮ್ಮಡಿಗೆ ಏನಾಗಿದೆ?"

"ಹೊಸ ಶೂ ಕಚ್ಚಿ ಮೂರು ದಿನದಿಂದ ಕುಂಟ್ತಾ ಇದ್ದೀರಿ. ನನಗೇನು ಕಣ್ಣಿಲ್ವಾ?"

"ಅದು ಕುಂಟೋದಲ್ಲ ಕಣೇ, ಓಟಗಾರರ ನಡಿಗೆ."

ಹೆಂಡತಿ ಪ್ರಾಥಮಿಕ ಶಾಲೆಯ ಟೀಚರು. ಇಂಥ ಉತ್ತರಗಳನ್ನು ದಿನಕ್ಕೆ ನಲವತ್ತು ಕೇಳುವವರು. ಪ್ಲಾಸ್ಟರ್ ಡಬ್ಬಿಯನ್ನು ಮೇಜಿನ ಮೇಲಿಟ್ಟು ಎದ್ದು ಹೋದರು. ಟಿಕ್‌ಟಿಕ್ ಸಾರ್ ಅದನ್ನು ಮುಟ್ಟಿದರೆ ಸೋತಂತಾಗುತ್ತದೆ ಎಂದು ಮುಟ್ಟಲಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ಹಿಮ್ಮಡಿಯ ನೆಪ ಹೇಳಿ ಜಾರಿಕೊಳ್ಳಬಹುದಿತ್ತೇನೋ. ಅಷ್ಟರಲ್ಲಿ ಅತ್ತೆಯ ಫೋನ್ ಬಂತು. ಅತ್ತೆ ಮೂವತ್ತೆರಡು ವರ್ಷ ಮನೆಮನೆಗೆ ಅಂಚೆ ಹಂಚಿ ನಿವೃತ್ತರಾದವರು, ಅರವತ್ತು ದಾಟಿದ ಮೇಲೆ ಓಟ ಹಿಡಿದವರು. ಎರಡು ಸಲ ಇದೇ ಓಟ ಓಡಿದ್ದರು. ಮೊದಲ ಸಲ ಎರಡು ನಿಮಿಷದಲ್ಲಿ ಪದಕ ತಪ್ಪಿತ್ತು, ಎರಡನೇ ಸಲ ನಲವತ್ತು ಸೆಕೆಂಡಿನಲ್ಲಿ. ಆ ನಲವತ್ತು ಸೆಕೆಂಡು ನೆನಪಾದರೆ ಅವರಿಗೆ ಈಗಲೂ ಊಟ ಸೇರುತ್ತಿರಲಿಲ್ಲ. ಇನ್ನು ಅಳಿಯನ ವಿಷಯಕ್ಕೆ ಬಂದರೆ, ಮದುವೆಯಾದ ಹನ್ನೊಂದು ವರ್ಷದಲ್ಲಿ ಅವರನ್ನು ಯಾವುದಕ್ಕೂ ನಂಬಿದವರಲ್ಲ. ತಮ್ಮ ವಾಚು ಕೆಟ್ಟರೆ ಎರಡು ಬೀದಿ ಆಚೆಯ ಅಂಗಡಿಗೆ ಒಯ್ಯುತ್ತಿದ್ದರು.

ಅಂಥ ಅತ್ತೆ ಹೇಳಿದರು: "ಅಳಿಯಂದ್ರೇ, ಈ ಸಲ ನಾನು ವಾಚ್ ಕಟ್ಟಲ್ಲ. ನಿಮ್ಮ ಬೆನ್ನ ಹಿಂದೆನೇ ಓಡ್ತೀನಿ. ಪದಕ ಕೊಡಿಸೋದು ನಿಮ್ಮ ಜವಾಬ್ದಾರಿ."

ಟಿಕ್‌ಟಿಕ್ ಸಾರ್‌ಗೆ ಇನ್ನೊಂದು ಬಿರುದು ಸಿಕ್ಕಂತಾಯಿತು. ಇನ್ನು ಹಿಮ್ಮಡಿ ಕಳಚಿ ಬಿದ್ದರೂ ಬಾವುಟ ಬಿಡುವ ಹಾಗಿರಲಿಲ್ಲ.

ಭಾನುವಾರ ಮೊದಲ ಐದು ಕಿಲೋಮೀಟರ್ ಭರ್ಜರಿಯಾಗಿ ಸಾಗಿತು. ಹಿಂದೆ ಅತ್ತೆಯೂ ಸೇರಿ ಹತ್ತೊಂಬತ್ತು ಜನ, ಎಲ್ಲರ ಕಣ್ಣೂ ಬಾವುಟದ ಮೇಲೆ. ಆ ಉಬ್ಬಿನಲ್ಲಿ ನಮ್ಮವರು ಗುಂಪಿಗಿಂತ ಎರಡು ನಿಮಿಷ ಮುಂದೆಯೇ ಬಂದುಬಿಟ್ಟಿದ್ದರು. ಆರನೇ ಕಿಲೋಮೀಟರಿನ ಹತ್ತಿರ ಹಿಮ್ಮಡಿಯ ಬೊಕ್ಕೆ ಒಡೆಯಿತು. ಬೆಳಗಿನ ಬಿಸಿಲಿನಲ್ಲೇ ನಕ್ಷತ್ರಗಳು ಕಂಡವು. ಎಡಗಡೆ ನೋಡಿದರೆ ತಮ್ಮದೇ ಬೀದಿ, ನಾಲ್ಕನೇ ಮನೆ ತಮ್ಮದೇ. ತಟ್ಟನೆ ಲೆಕ್ಕ ಹಾಕಿದರು. ಹೋಗಲು ಅರ್ಧ ನಿಮಿಷ, ಪ್ಲಾಸ್ಟರ್ ಹಚ್ಚಲು ಒಂದು ನಿಮಿಷ, ಬರಲು ಅರ್ಧ ನಿಮಿಷ. ಯಾರಿಗೂ ತಿಳಿಯುವ ಮೊದಲೇ ವಾಪಸ್ಸು ಬಂದು ಗುಂಪಿನ ಮುಂದೆ ನಿಂತಿರಬಹುದು. ಸರಕ್ಕನೆ ಎಡಕ್ಕೆ ತಿರುಗಿದರು. ಲೆಕ್ಕದಲ್ಲೇನೂ ತಪ್ಪಿರಲಿಲ್ಲ, ಬೆನ್ನ ಮೇಲೆ ಬಾವುಟ ಇದೆ ಎಂಬುದೊಂದು ಮರೆತುಹೋಗಿತ್ತು.

ಮನೆಯಲ್ಲಿ ಹೆಂಡತಿ ಆಗತಾನೇ ನೆಲ ಒರೆಸಿ, ಒಣಗಲಿ ಎಂದು ಕುರ್ಚಿಯ ಮೇಲೆ ಕಾಲು ಮಡಚಿ ಕೂತಿದ್ದರು. ಗಂಡ ಒಳಗೆ ನುಗ್ಗಿದರು. ಬಾವುಟದ ಕೋಲು ಬಾಗಿಲ ಪರದೆಗೆ ಸಿಕ್ಕಿತು. ಪರದೆ ಸರಳಿನ ಸಮೇತ ಕಿತ್ತು ಅವರ ಮೇಲೆಯೇ ಬಿತ್ತು. ಅವರು ಒಳಗೇ ಒದ್ದಾಡುತ್ತಿದ್ದಾಗ ಹೊರಗೆ ಧಡಧಡ ಹೆಜ್ಜೆ ಕೇಳಿಸಿತು.

ಹೊಸ್ತಿಲು ದಾಟಿದ ಮೊದಲ ಶೂ ಕಾಣುತ್ತಲೇ ಹೆಂಡತಿ ಎದ್ದು ನಿಂತು ಹೇಳಿದರು: "ಶೂ ಬಿಟ್ಟು ಒಳಗೆ ಬನ್ನಿ."

ಅದು ಶಾಲೆಯ ದನಿ. ಹತ್ತೊಂಬತ್ತು ಜನ ದೊಡ್ಡವರು ತುಟಿಪಿಟಕ್ಕೆನ್ನದೆ ಮೆಟ್ಟಿಲ ಮೇಲೆ ಸಾಲಾಗಿ ಕೂತು ಲೇಸು ಬಿಚ್ಚಿದರು. ಇದೂ ಓಟದ ಏರ್ಪಾಡೇ ಇರಬೇಕೆಂದು ಅವರು ತಿಳಿದಿದ್ದರು. "ನೀರು ಯಾವ ಕಡೆ ಮೇಡಂ?" ಎಂದು ಒಬ್ಬರು ಕೇಳಿದರು. ಬಾತ್‌ರೂಮಿನ ಮುಂದೆ ಕ್ಯೂ ನಿಂತಿತು. ಗುಂಪಿನಲ್ಲಿದ್ದ ಬ್ಯಾಂಕ್ ಮ್ಯಾನೇಜರೊಬ್ಬರು ಸೋಫಾದ ಮೇಲೆ ಉದ್ದಕ್ಕೆ ಮಲಗಿಯೇಬಿಟ್ಟರು. ಹಲ್ಲಿನ ಡಾಕ್ಟರೊಬ್ಬರು ಗೋಡೆಯ ಮದುವೆ ಫೋಟೋ ನೋಡಿ, "ಆಗ ಸಣ್ಣಗಿದ್ರಿ ಸಾರ್" ಎಂದರು.

"ನೀವೆಲ್ಲ ಇಲ್ಲಿಗೆ ಯಾಕೆ ಬಂದ್ರಿ?" ಎಂದು ಟಿಕ್‌ಟಿಕ್ ಸಾರ್ ಪರದೆಯೊಳಗಿಂದ ಕೂಗಿದರು.

"ನೀವು ಬಂದ್ರಲ್ಲ ಸಾರ್," ಎಂದಿತು ಇಡೀ ಗುಂಪು.

ಕೊನೆಯಲ್ಲಿ ಅತ್ತೆ, ಕೈಯಲ್ಲಿ ಶೂ ಹಿಡಿದು ಬಾಗಿಲಲ್ಲಿ ನಿಂತಿದ್ದರು.

"ಅತ್ತೆ, ನಿಮಗಾದ್ರೂ ಮಗಳ ಮನೆ ಅಂತ ಗೊತ್ತಾಗ್ಲಿಲ್ವಾ?"

"ಗೇಟಿನ ಹತ್ರಾನೇ ಗೊತ್ತಾಯ್ತು. ಹನ್ನೊಂದು ವರ್ಷದಲ್ಲಿ ಮೊದಲನೇ ಸಲ ನಿಮ್ಮನ್ನ ನಂಬಿ ಹೊರಟಿದ್ದೆ. ಅರ್ಧ ದಾರೀಲಿ ಬಿಡೋಕೆ ಮನಸ್ಸು ಬರ್ಲಿಲ್ಲ."

ಬೈದಿದ್ದರೆ ವಾಸಿಯಿತ್ತು. ಟಿಕ್‌ಟಿಕ್ ಸಾರ್‌ಗೆ ಮುಖ ಎಲ್ಲಿಟ್ಟುಕೊಳ್ಳಬೇಕೋ ತಿಳಿಯಲಿಲ್ಲ, ಪರದೆಯೊಳಗೇ ಇಟ್ಟುಕೊಂಡರು.

ಗೋಡೆ ಗಡಿಯಾರದ ಪ್ರಕಾರ ಓಟ ಶುರುವಾಗಿ ಐವತ್ತೆಂಟು ನಿಮಿಷವಾಗಿತ್ತು. ಅತ್ತೆ ಅದನ್ನು ನೋಡಿದರು. ಪರದೆಯ ಒಳಗೆ ಕೈ ಹಾಕಿ ಬಾವುಟವನ್ನು ಬೆಲ್ಟಿನ ಸಮೇತ ಬಿಚ್ಚಿ ತಮ್ಮ ಬೆನ್ನಿಗೆ ಕಟ್ಟಿಕೊಂಡರು. "ಎಲ್ರೂ ಏಳಿ. ಯಾರ ಶೂ ಯಾವ್ದು ಅಂತ ಹುಡುಕ್ತಾ ಕೂರಬೇಡಿ, ಕಾಲಿಗೆ ಹತ್ತಿದ್ದು ಹಾಕ್ಕೊಳ್ಳಿ." ಬ್ಯಾಂಕ್ ಮ್ಯಾನೇಜರು ಒಂದು ಕೆಂಪು, ಒಂದು ನೀಲಿ ಮೆಟ್ಟಿಕೊಂಡು ಓಡಿದರು. ಒಂದೇ ನಿಮಿಷದಲ್ಲಿ ಮನೆ ಖಾಲಿಯಾಯಿತು. ಒರೆಸಿದ ನೆಲದ ಮೇಲೆ ಹತ್ತೊಂಬತ್ತು ಜನರ ಕಾಲ್ಚೀಲದ ಗುರುತು ಉಳಿಯಿತು.

ಹೆಂಡತಿ ಹಿಮ್ಮಡಿಗೆ ಪ್ಲಾಸ್ಟರ್ ಹಚ್ಚಿದರು, ನೆಲ ಒರೆಸಲು ಬಟ್ಟೆ ಕೊಟ್ಟರು, ನೆಲ ಮುಗಿದ ಮೇಲೆ ಸ್ಕೂಟರಿನ ಹಿಂದೆ ಕೂರಿಸಿಕೊಂಡು ಮೈದಾನಕ್ಕೆ ಕರೆದುಕೊಂಡು ಹೋದರು. ದಾರಿಯುದ್ದಕ್ಕೂ ಟಿಕ್‌ಟಿಕ್ ಸಾರ್ ಕೇಳಿದ್ದು ಒಂದೇ ಮಾತು: "ನಿಮ್ಮಮ್ಮನಿಗೆ ಪದಕ ಸಿಕ್ಕಿರುತ್ತೆ ಅಂತೀಯಾ?"

ಸಿಕ್ಕಿತ್ತು. ಒಂದು ಗಂಟೆ ಇಪ್ಪತ್ತೊಂಬತ್ತು ನಿಮಿಷಕ್ಕೆ ಅತ್ತೆ ಹದಿನೆಂಟು ಜನರನ್ನೂ ಎಳೆದು ತಂದಿದ್ದರು. ಅವರು ವೇದಿಕೆಯ ಮೇಲೆ ಪದಕವನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು. ಕಾರ್ಯದರ್ಶಿ ಮೈಕಿನಲ್ಲಿ ಕೇಳಿದರು: "ಮಧ್ಯದಲ್ಲಿ ನಿಮ್ಮ ಪೇಸರ್ ಕಾಣೆಯಾಗಿದ್ರಂತೆ?"

ಟಿಕ್‌ಟಿಕ್ ಸಾರ್ ಹೆಂಡತಿಯ ಬೆನ್ನ ಹಿಂದೆ ಸರಿದರು.

ಅತ್ತೆ ಮೈಕು ತೆಗೆದುಕೊಂಡರು. "ಕಾಣೆ ಎಲ್ಲಾದ್ರು? ನಮ್ಮ ಅಳಿಯಂದ್ರು ಬೇಕು ಅಂತಾನೇ ಎಲ್ಲರನ್ನೂ ಮನೆಗೆ ಕರ್ಕೊಂಡು ಹೋಗಿ, ನೀರು ಕೊಟ್ಟು ಕೂರಿಸಿದ್ರು. ಆ ಐದು ನಿಮಿಷ ಕೂತಿದ್ದಕ್ಕೇ ನನ್ನ ಕಾಲಿಗೆ ಜೀವ ಬಂದಿದ್ದು."

ಮೈದಾನವೆಲ್ಲ ಚಪ್ಪಾಳೆ. ನಾಲ್ಕು ಜನರ ಮುಂದೆ ಅತ್ತೆ 'ನಮ್ಮ ಅಳಿಯಂದ್ರು' ಎಂದದ್ದು ಇದೇ ಮೊದಲು. ಟಿಕ್‌ಟಿಕ್ ಸಾರ್‌ಗೆ ಕಣ್ಣು ತುಂಬಿ ಬಂತು. ಕಾರ್ಯದರ್ಶಿಯಂತೂ ಹಿಗ್ಗಿಹೋಗಿ ಪಕ್ಕದಿಂದಲೇ ಘೋಷಿಸಿದರು: "ಹಾಗಿದ್ರೆ ಮುಂದಿನ ತಿಂಗಳ ಇಪ್ಪತ್ತೊಂದು ಕಿಲೋಮೀಟರ್ ಓಟಕ್ಕೂ ಇವರೇ ಪೇಸರ್."

ನಮ್ಮವರ ಎದೆ ಮತ್ತೆ ಉಬ್ಬಿತು. ಆಗಲೇ ಕೈಮುಗಿದು ಎರಡು ಹೆಜ್ಜೆ ಮುಂದೆ ಬಂದಿದ್ದರು. ಮೈಕು ಇನ್ನೂ ಅತ್ತೆಯ ಕೈಯಲ್ಲೇ ಇತ್ತು.

"ಅದು ಬೇಡ ಸಾರ್," ಎಂದರು ಅತ್ತೆ. "ಅಷ್ಟು ದೂರಕ್ಕೆ ದಾರೀಲಿ ಮೂರು ಮನೆಯಾದ್ರೂ ಬೇಕು. ಇವರಿಗಿರೋದು ಒಂದೇ."