ಬಾಗಿಲಾಚೆ ನಿಂತರೆ ಇಳಿಯುವ ಪ್ರೆಷರ್

ರಕ್ತದೊತ್ತಡ ಅಳೆಯುವ ಪೆಟ್ಟಿಗೆಯ ಮುಚ್ಚಳ ತೆರೆದರೆ ಸಾಕು, ರೋಗಿಗಳ ಬಾಯಿಯೂ ತೆರೆದುಕೊಳ್ಳುತ್ತಿತ್ತು. ಕಾನ್ವೆಂಟಿನಲ್ಲಿ ಶಿಸ್ತು ಕಲಿತು ಚಾಮರಾಜಪೇಟೆಯ ಒಂದು ಸಣ್ಣ ಆಸ್ಪತ್ರೆಗೆ ಮೇಟ್ರನ್ ಆಗಿ ಬಂದವಳು ನಾನು. ಅಳೆಯುವಾಗ ಮಾತು ಕೂಡದು ಎಂದರೆ ಎಲ್ಲರೂ ತೆಪ್ಪಗಾಗುತ್ತಿದ್ದರು, ಒಬ್ಬ ಜವಳಿ ವ್ಯಾಪಾರಿ ಮತ್ತು ಅವರ ಹೆಂಡತಿಯನ್ನು ಬಿಟ್ಟು. ಅವರನ್ನು ನೆನೆದರೆ ಇಂದಿಗೂ ನಗು ಬರುತ್ತದೆ, ಆದರೆ ಪೂರ್ತಿ ಬರುವುದಿಲ್ಲ.

ವ್ಯಾಪಾರಿಗಳ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಒತ್ತಡ ಇಳಿಯುವವರೆಗೆ ಆಪರೇಷನ್ ಇಲ್ಲ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ವ್ಯಾಪಾರಿಗಳಿಗೋ ಅವಸರ. ಹೆಂಡತಿಗೆ ಆಸೆಪಟ್ಟು ವಜ್ರದ ಮೂಗುಬಟ್ಟು ಮಾಡಿಸಿದ್ದರು. ಅದು ಮನೆಗೆ ಬರುವಷ್ಟರಲ್ಲಿ ಕಣ್ಣು ಮಂಜಾಗಿತ್ತು.

"ಮಾಡಿಸಿದೋನು ನಾನು, ನೋಡೋರು ಊರೋರು ನರ್ಸಮ್ಮ."

"ನರ್ಸಮ್ಮ ಅಲ್ಲ, ಮೇಟ್ರನ್" ಎಂದೆ.

"ಆಗ್ಲಿ ನರ್ಸಮ್ಮ."

ಸ್ಟೋವ್

ಮೊದಲ ಸಲ ತೋಳಿಗೆ ಪಟ್ಟಿ ಸುತ್ತಿ ರಬ್ಬರ್ ಉಂಡೆ ಒತ್ತತೊಡಗಿದೆ. ಹೆಂಡತಿ ಗಾಬರಿಯಿಂದ ನನ್ನ ಕೈ ಹಿಡಿದುಕೊಂಡರು.

"ಸಾಕಮ್ಮ, ಜಾಸ್ತಿ ಪಂಪ್ ಹೊಡೀಬೇಡಿ! ನಮ್ಮನೆ ಸ್ಟೋವ್ ಹಿಂಗೇ ಢಮ್ ಅಂದಿದ್ದು."

"ಇದು ಸಿಡಿಯುವುದಿಲ್ಲ" ಎಂದೆ.

"ನಿಮ್ಮ ಪೆಟ್ಟಿಗೆ ಸಿಡಿಯಲ್ಲ ಬಿಡಿ. ಇವರ ವಿಷಯ ನಿಮಗೆ ಗೊತ್ತಿಲ್ಲ."

ಉಪ್ಪು

ಆ ಕಾಲದಲ್ಲಿ ರಕ್ತದೊತ್ತಡಕ್ಕೆ ಹೇಳಿಕೊಳ್ಳುವಂಥ ಮಾತ್ರೆಗಳಿರಲಿಲ್ಲ. ಉಪ್ಪು ಬಿಡಿಸುವುದೇ ದೊಡ್ಡ ಚಿಕಿತ್ಸೆ. "ಉಪ್ಪು ಮುಟ್ಟಕೂಡದು" ಎಂದು ಅಪ್ಪಣೆ ಮಾಡಿ ಕಳಿಸಿದೆ. ಮುಂದಿನ ಸಲ ನೋಡಿದರೆ ಪೆಟ್ಟಿಗೆಯ ಪಾದರಸ ಇನ್ನೂ ಮೇಲೆ.

"ಉಪ್ಪು ಮುಟ್ಟಿದಿರಾ?"

"ಶಿವನಾಣೆ ಮುಟ್ಟಿಲ್ಲ."

ನಾನು ಹೆಂಡತಿಯ ಕಡೆ ತಿರುಗಿದೆ.

"ಇವರು ಸುಳ್ಳು ಹೇಳಲ್ಲ ತಾಯಿ, ನಿಜವಾಗ್ಲೂ ಮುಟ್ಟಿಲ್ಲ. ನಾನೇ ಚಮಚದಲ್ಲಿ ಸಾರಿಗೆ ಹಾಕಿ ಕಲಸಿಕೊಡ್ತೀನಿ."

ಬಾಗಿಲಾಚೆ

ಇಬ್ಬರ ಜಗಳ ತಾಳಲಾರದೆ ಒಂದು ದಿನ ಆಕೆಯನ್ನು ಬಾಗಿಲಾಚೆ ನಿಲ್ಲಿಸಿ ಅಳೆದೆ. ಪಾದರಸ ಇಳಿಯಿತು! ಒಳಗೆ ಕರೆದು ಅಳೆದೆ, ಏರಿತು. ವ್ಯಾಪಾರಿಗಳು ಮಂಚದ ಮೇಲೆ ಎದ್ದು ಕೂತರು.

"ನೋಡಿದ್ರಾ! ಮದುವೆಯಾದಾಗಿಂದ ಹೇಳ್ತಿದೀನಿ, ಒಬ್ಬರೂ ನಂಬಲಿಲ್ಲ. ಈಗ ಮಿಷಿನ್ನೇ ಹೇಳ್ತು."

"ಆ ಮಿಷಿನ್ ನನ್ನ ಕೈಗೂ ಕಟ್ಟಿ, ಯಾರದ್ದು ಏನೂಂತ ಗೊತ್ತಾಗಲಿ" ಎಂದರು ಆಕೆ.

ಕಟ್ಟಿದೆ. ಆಕೆಯ ಒತ್ತಡ ಎಳೆಯ ಹುಡುಗಿಯದರ ಹಾಗೆ ಸರಿಯಾಗಿತ್ತು.

"ಇರದೆ ಏನು? ಇವಳದ್ದೂ ಸೇರಿಸಿ ನಾನೇ ಹೊತ್ಕೊಂಡಿದೀನಿ. ನನ್ನ ಕಳಿಸಿಯೇ ಇವಳು ಹೋಗೋದು ನರ್ಸಮ್ಮ!"

ಅಂದಿನಿಂದ ಅಳೆಯುವಾಗ ಆಕೆ ಹೊರಗೆ ನಿಲ್ಲುವುದೇ ನಿಯಮವಾಯಿತು. ಆದರೂ ಆಪರೇಷನ್ನಿಗೆ ಬೇಕಾದಷ್ಟು ಇಳಿಯಲಿಲ್ಲ. ಬಾಗಿಲ ಸಂದಿಯಿಂದ ಆಕೆ ಪ್ರತಿ ಸಲವೂ ಕೇಳುತ್ತಿದ್ದರು: "ಇನ್ನೂ ಸ್ವಲ್ಪ ದೂರ ಹೋಗ್ಲಾ?"

ದೂರ

ಆ ಮಳೆಗಾಲದಲ್ಲಿ ಕೆಲವು ವಾರ ಅವರಿಬ್ಬರೂ ಬರಲಿಲ್ಲ. ಕೊನೆಗೆ ವ್ಯಾಪಾರಿಗಳು ಮಗನ ಕೈ ಹಿಡಿದುಕೊಂಡು ಬಂದರು. ಹೆಂಡತಿ ವಿಷಮಶೀತ ಜ್ವರದಲ್ಲಿ ತೀರಿಕೊಂಡರೆಂದು ಮಗ ಹೇಳಿದ.

ಸಮಾಧಾನ ಹೇಳುವುದು ನನಗೆ ಬಾರದ ವಿದ್ಯೆ. ತೋಳಿಗೆ ಪಟ್ಟಿ ಸುತ್ತಿದೆ. ಪಾದರಸ ಎಂದೂ ಇಳಿಯದಷ್ಟು ಇಳಿದಿತ್ತು. ನಂಬಿಕೆ ಬಾರದೆ ಮತ್ತೊಮ್ಮೆ ಅಳೆದೆ. ಅಷ್ಟೇ ಇತ್ತು.

"ಸರಿಯಾಗಿದೆ. ಡಾಕ್ಟರು ಇನ್ನು ಆಪರೇಷನ್ ಮಾಡುತ್ತಾರೆ" ಎಂದೆ.

ಅವರು ಅಂಗಿಯ ಜೇಬಿನ ಮೇಲೆ ಕೈಯಿಟ್ಟು ಮೂಗುಬಟ್ಟಿನ ಪುಟ್ಟ ಪೊಟ್ಟಣ ಇದೆಯೇ ಎಂದು ಮುಟ್ಟಿ ನೋಡಿಕೊಂಡರು. ಆಮೇಲೆ ಬಾಗಿಲ ಕಡೆ ಮುಖ ತಿರುಗಿಸಿ ನಕ್ಕರು.

"ಇಳೀದೆ ಏನ್ ಮಾಡುತ್ತೆ ನರ್ಸಮ್ಮ? ಈ ಸಲ ಅವಳು ಸರಿಯಾದ ದೂರದಲ್ಲಿ ನಿಂತಿದಾಳೆ."