ಬ್ರೌನ್ ಪೇಪರ್ ಹೊದ್ದ ಡಬ್ಬಿ

ನಾನು ಬಾಯಿ ಬಿಡುವುದಿಲ್ಲ ಎಂದರೆ ಬಿಡುವುದಿಲ್ಲ! ಮಗಳು ಹೆರಿಗೆಗೆ ಬಂದ ದಿನವೇ ಹೀಗೆಂದು ಮನೆಮಂದಿಯ ಮುಂದೆ ಘೋಷಿಸಿಬಿಟ್ಟೆ. "ಮಗುವಿಗೆ ಏನು ಕುಡಿಸ್ತೀಯೋ, ಹೇಗೆ ಕುಡಿಸ್ತೀಯೋ, ಅದು ನಿನ್ನ ತೀರ್ಮಾನ. ನಾನು ಬರೀ ಬಟ್ಟೆ ಒಗೆಯೋ ಅಜ್ಜಿ." ಹತ್ತು ವರ್ಷ ಕಾನ್ವೆಂಟಿನಲ್ಲಿ ತುಟಿಯ ಮೇಲೆ ಬೆರಳಿಟ್ಟುಕೊಂಡು ಕೂತವಳು ನಾನು. ಮೌನವೇನು ನನಗೆ ಹೊಸದೇ?

"ಸುಮ್ಮನಿರ್ತೀಯಾ? ಎಷ್ಟು ನಿಮಿಷ?" ಎಂದರು ನಮ್ಮವರು, ಪೇಪರಿನ ಮರೆಯಿಂದ.

ಮೊಮ್ಮಗಳು ಹುಟ್ಟಿದಳು. ಮಗಳ ತೀರ್ಪೂ ಹೊರಬಿತ್ತು: ಎದೆಹಾಲು, ಎದೆಹಾಲು ಮಾತ್ರ! "ಡಬ್ಬಿ ಹಾಲಿನ ಸುದ್ದಿ ಎತ್ತಬೇಡ ಅಮ್ಮ." ನಾನು ಎತ್ತಲಿಲ್ಲ. ಹುಬ್ಬನ್ನು ಮಾತ್ರ ಎತ್ತಿದೆ.

ನಾಲ್ಕನೇ ದಿನ ಕ್ಲಿನಿಕ್ಕಿಗೆ ಹೋದಾಗ ನರ್ಸಮ್ಮ ಮಗುವನ್ನು ತೂಗಿದರು. ಹುಟ್ಟಿದಾಗಿನದಕ್ಕಿಂತ ಇನ್ನೂರು ಗ್ರಾಂ ಕಮ್ಮಿ! ಜೊತೆಗೆ ಬಂದಿದ್ದ ನಮ್ಮವರು ಸುಮ್ಮನಿರಲಾರದೆ ಪಕ್ಕದ ದೊಡ್ಡ ಯಂತ್ರ ಹತ್ತಿ, "ಎಂಬತ್ತೊಂದು!" ಎಂದು ಬೆಚ್ಚಿ, ಅಲ್ಲೇ ಸಕ್ಕರೆ, ಬಿಸ್ಕತ್ತು ಎರಡಕ್ಕೂ ವಿದಾಯ ಹೇಳಿದರು.

"ಮಗುವಿನ ತೂಕ ಮೊದಮೊದಲು ಇಳಿಯೋದು ಸಹಜ. ಹತ್ತು ದಿನ ಬಿಟ್ಟು ಬನ್ನಿ," ಎಂದರು ನರ್ಸಮ್ಮ. "ಆಗಲೂ ಏರದಿದ್ರೆ ಮೇಲುಹಾಲಿನ ಬಗ್ಗೆ ಯೋಚಿಸೋಣ."

ದಾರಿಯುದ್ದಕ್ಕೂ ಮಗಳ ಮುಖ ಮುದುಡಿಕೊಂಡಿತ್ತು. "ನನ್ನ ಹಾಲು ಸಾಲ್ತಿಲ್ವಾ ಅಮ್ಮ?"

ನನ್ನ ಬೆರಳು ತುಟಿಯ ಮೇಲೇ ಇತ್ತು. ಆದರೆ ಕಾಲುಗಳನ್ನು ಹಿಡಿದಿಡುವ ವಿದ್ಯೆಯನ್ನು ಕಾನ್ವೆಂಟಿನ ಯಾವ ಸಿಸ್ಟರೂ ಕಲಿಸಿರಲಿಲ್ಲವಲ್ಲ! ಸಂಜೆ ಅವು ತಾವಾಗಿ ಔಷಧದಂಗಡಿಗೆ ನಡೆದವು. ಕೈಗಳು ತಾವಾಗಿ ಒಂದು ಡಬ್ಬಿ ಶಿಶು ಹಾಲಿನ ಪುಡಿ ಕೊಂಡವು. ಆಪತ್ತಿಗಿರಲಿ ಎಂದು, ಅಷ್ಟೆ. ಬಾಯಿ ಬಿಡುವುದಿಲ್ಲ ಎಂದಿದ್ದೆನೇ ಹೊರತು ಡಬ್ಬಿ ತರುವುದಿಲ್ಲ ಎಂದಿರಲಿಲ್ಲ.

ಡಬ್ಬಿಯ ಮೇಲೊಂದು ಗುಂಡು ಮಗು ಊರಿಗೆಲ್ಲ ಕಾಣುವಂತೆ ನಗುತ್ತಿತ್ತು. ಅದರ ಬಾಯಿ ಮುಚ್ಚಿಸಬೇಕಲ್ಲ? ಕಾನ್ವೆಂಟಿನ ಪುಸ್ತಕಕ್ಕೆ ಹಾಕುತ್ತಿದ್ದಂತೆ ನೀಟಾಗಿ ಬ್ರೌನ್ ಪೇಪರ್ ಹೊದಿಸಿ, ಅಂಚುಗಳನ್ನು ಉಗುರಿನಿಂದ ಗೀರಿ ಮಡಚಿ, ಅಡುಗೆಮನೆಯ ಮೇಲಿನ ಕಪಾಟಿನಲ್ಲಿ ಹಿಟ್ಟಿನ ಡಬ್ಬಗಳ ಹಿಂದೆ ಸೇರಿಸಿದೆ. ಗೂಢಚಾರರು ನನ್ನಲ್ಲಿ ಪಾಠ ಹೇಳಿಸಿಕೊಳ್ಳಬೇಕು!

ಆ ಹತ್ತು ದಿನ ಮಗಳು ಕಿಟಕಿ ಪಕ್ಕದ ಕುರ್ಚಿ ಬಿಟ್ಟು ಎದ್ದದ್ದೇ ಕಮ್ಮಿ. ಮಗು ಕೇಳಿದಾಗೆಲ್ಲ ಹಾಲು. ಅವಳ ತಟ್ಟೆಯ ಊಟ ಮಾತ್ರ ಆರಿ ತಣ್ಣಗೆ. ಇತ್ತ ಸಕ್ಕರೆ ಬಿಟ್ಟ ನಮ್ಮವರು ಗೊಣಗದೆ, ದಿನಕ್ಕೆ ನಾಲ್ಕು ಸಲ ತಾವೇ ಟೀ ಮಾಡಿಕೊಂಡು ಹಾಡು ಗುನುಗುತ್ತಿದ್ದರು. ತಾತನಾದ ಖುಷಿ ಇರಬೇಕು ಎಂದುಕೊಂಡೆ.

ಗಡುವಿನ ದಿನ ಮತ್ತೆ ಎಲ್ಲರೂ ಕ್ಲಿನಿಕ್ಕಿಗೆ ಹೋದೆವು. ನರ್ಸಮ್ಮ ಕನ್ನಡಕ ಸರಿ ಮಾಡಿಕೊಂಡು ಬಗ್ಗಿದರು.

"ನಾನೂರೈವತ್ತು ಗ್ರಾಂ ಏರಿದೆ! ಶಭಾಷ್ ತಾಯಿ!"

ಮಗಳು ನಗಲಿಲ್ಲ. ಚೀಲಕ್ಕೆ ಕೈ ಹಾಕಿದಳು. ಬ್ರೌನ್ ಪೇಪರಿನ ಡಬ್ಬಿಯನ್ನು ಮೇಜಿನ ಮೇಲೆ ಕುಕ್ಕಿದಳು!

"ಶಭಾಷ್ ಇದಕ್ಕೆ ಹೇಳಿ. ಬೆಳಿಗ್ಗೆ ಕಪಾಟಿನಲ್ಲಿ ಸಿಕ್ತು, ಮುಕ್ಕಾಲು ಖಾಲಿ! ನಾನು ಸ್ನಾನಕ್ಕೆ ಹೋದಾಗೆಲ್ಲ ಅಮ್ಮ ಕದ್ದು ಕುಡಿಸಿದ್ದಾಳೆ."

"ನಾನು ತಂದದ್ದು ಅಂತ ಯಾರು..."

"ನಮ್ಮನೇಲಿ ಇಷ್ಟು ಚಂದ ಮೂಲೆ ಮಡಚೋರು ಇನ್ಯಾರಮ್ಮ ಇದಾರೆ?"

ಸಿಕ್ಕಿಬಿದ್ದೆ! ನೀಟ್‌ನೆಸ್ಸಿಗೆ ಬಹುಮಾನ ಕೊಟ್ಟ ಸಿಸ್ಟರುಗಳೇ, ನೋಡಿದಿರಾ ಫಲ? "ತಂದದ್ದು ನಾನೇ, ಬಚ್ಚಿಟ್ಟದ್ದೂ ನಾನೇ. ನಿನ್ನಾಣೆಗೂ ಮುಚ್ಚಳ ತೆಗೆದಿಲ್ಲ ಕಣೇ!"

"ಹಾಗಾದ್ರೆ ಆವಿಯಾಗಿ ಹೋಯ್ತಾ?" ಅವಳ ಕಣ್ಣು ತುಂಬಿತು. "ಒಂದು ದಿನವಾದ್ರೂ ನನ್ನಿಂದ ಆಗುತ್ತೆ ಅಂತ ನಂಬಬಹುದಿತ್ತಲ್ಲಮ್ಮ."

ಮಾತಿನಮಲ್ಲಿ ನಾನು! ಮಾತು ಬಿಟ್ಟು ಸೆರಗಿನಿಂದ ಅವಳ ಕಣ್ಣೊರೆಸಲು ಹೋದೆ.

ಆಗ ಬಾಗಿಲ ಬಳಿ ಯಾರೋ ಕೆಮ್ಮಿದರು. ನಮ್ಮವರು.

"ಅದು... ಟೀಗೆ ಹಾಕೋ ಹಾಲಿನ ಪುಡಿ ಅಲ್ವಾ?"

"ರೀ!"

"ಡಬ್ಬಿ ಮೇಲೆ ಹೆಸರಿಲ್ಲ, ಊರಿಲ್ಲ. ಒಳಗೆ ಚಮಚ ಬೇರೆ ಇತ್ತು. ಎಷ್ಟು ಸಿಹಿ ಅಂತೀಯಾ! ಸಕ್ಕರೆ ನೆನಪೇ ಆಗ್ಲಿಲ್ಲ. ಒಂದು ಲೋಟಕ್ಕೆ ನಾಲ್ಕೇ ಚಮಚ..."

ನರ್ಸಮ್ಮ ದೊಡ್ಡ ಯಂತ್ರದ ಕಡೆ ಬೆರಳು ತೋರಿಸಿದರು. ನಮ್ಮವರು ಚಪ್ಪಲಿ ಕಳಚಿ, ತಪ್ಪಿತಸ್ಥನ ಹಾಗೆ ಹತ್ತಿ ನಿಂತರು. ಎಂಬತ್ತಮೂರು!

ಮಗಳು ಯಂತ್ರದ ಮುಳ್ಳು ನೋಡಿದಳು, ಮಗುವನ್ನು ನೋಡಿದಳು. "ಅಂದ್ರೆ ಆ ನಾನೂರೈವತ್ತು ಗ್ರಾಮೂ ನನ್ನದೇನಾ?"

"ಪೂರ್ತಿ ನಿಮ್ಮದೇ." ನರ್ಸಮ್ಮ ನಗು ತಡೆದುಕೊಂಡು ಚೀಟಿ ಬರೆದರು. "ಸಣ್ಣ ಮಗುವಿಗೆ ತಾಯಿ ಹಾಲೇ ಸಾಕು. ದೊಡ್ಡ ಮಗುವಿಗೆ ಮಾತ್ರ ಇವತ್ತಿಂದಲೇ ಡಬ್ಬಿ ಬಿಡಿಸಿ."

ಮಗಳು ಅಳುತ್ತಲೇ ನಗತೊಡಗಿದಳು. ಇದೇ ಸಮಯವೆಂದು ನಾನು ಮೆಲ್ಲಗೆ ಶುರುಮಾಡಿದೆ: "ನೋಡು ಪುಟ್ಟಿ, ನಾನು ಆಗಲೇ ಅಂದುಕೊಂಡಿದ್ದೆ..."

ಒಂದು ಕೈಯಲ್ಲಿ ಮಗುವನ್ನು ಎತ್ತಿಕೊಂಡು, ಇನ್ನೊಂದು ಕೈಯ ಬೆರಳನ್ನು ಅವಳು ನನ್ನ ತುಟಿಯ ಮೇಲೆ ಇಟ್ಟಳು. ಮನೆ ತಲುಪುವವರೆಗೂ ತೆಗೆಯಲಿಲ್ಲ!